ಹೊಸ ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ 3.13, ಹಳೇ ಪ್ರಾಜೆಕ್ಟ್ ಓಡುತ್ತಿಲ್ಲ

ಪ್ರಶ್ನೆ: ನಮಸ್ತೆ ಸರ್. ಶಿರಸಿಯಲ್ಲಿ ಬಿಸಿಎ ಕೊನೇ ವರ್ಷ. ಅಡಿಕೆ ಸೋಗೆಯ ಫೋಟೋ ನೋಡಿ ಎಲೆಚುಕ್ಕಿ ರೋಗ ಗುರುತಿಸುವ ಪ್ರಾಜೆಕ್ಟ್ ನಮ್ಮದು. ಹೊಸ ಲ್ಯಾಪ್‌ಟಾಪ್‌ಗೆ ಪೈಥಾನ್ 3.13 ಹಾಕಿ, ಲ್ಯಾಬ್‌ನಿಂದ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಹಾಗೇ ತಂದೆ. ಓಡಿಸಿದರೆ ‘ನೋ ಪೈಥಾನ್ ಅಟ್’ ಅಂತ ಬರುತ್ತದೆ. ಪೈಥಾನ್ ಭಾಷೆಯ ಲೆಕ್ಕಾಚಾರದ ಲೈಬ್ರರಿ ನಂಪೈ ಬೇರೆಯಾಗಿ ಹಾಕಲು ಹೋದರೆ ‘ನೋ ಮಾಡ್ಯೂಲ್ ನೇಮ್ಡ್ ಡಿಸ್ಟ್‌ಯುಟಿಲ್ಸ್’ ಅನ್ನುತ್ತದೆ. ಫಾರ್ಮ್ಯಾಟ್ ಮಾಡು ಅಂತಾರೆ ಎಲ್ಲರೂ. ಮಾಡಲಾ?

ಉತ್ತರ: ಬೇಡ ತಂಗಿ. ನಮ್ಮ ಕಡೆ ಕಂಪ್ಯೂಟರಿನ ಯಾವ ಕಾಯಿಲೆಗೂ ಅದೊಂದೇ ಮದ್ದು ಹೇಳುವವರು ಜಾಸ್ತಿ. ಮಾಡಿದರೂ ಇದೇ ಎರರ್ ವಾಪಸ್ ಬರುತ್ತದೆ.

ಪೆನ್‌ಡ್ರೈವ್‌ನಲ್ಲಿ ‘ವೆನ್ವ್’, ಅಂದರೆ ಈ ಪ್ರಾಜೆಕ್ಟ್‌ಗಷ್ಟೇ ಪ್ರತ್ಯೇಕವಾಗಿ ಕಟ್ಟಿದ ಪೈಥಾನ್ ಪರಿಸರದ ಫೋಲ್ಡರೂ ಬಂದಿದೆ, ಅಲ್ವಾ? ಅದನ್ನು ಈಗಲೇ ಅಳಿಸಬೇಡ. ಒಳಗೆ ‘ಪೈವೆನ್ವ್ ಡಾಟ್ ಸಿಎಫ್‌ಜಿ’ ಅಂತ ಪುಟ್ಟ ಫೈಲ್ ಇದೆ. ನೋಟ್‌ಪ್ಯಾಡ್‌ನಲ್ಲಿ ತೆರೆ. ‘ಹೋಮ್’ ಅನ್ನುವ ಸಾಲಿನಲ್ಲಿ ಲ್ಯಾಬ್ ಕಂಪ್ಯೂಟರಿನಲ್ಲಿ ಪೈಥಾನ್ ಎಲ್ಲಿತ್ತು ಅಂತ ಇರುತ್ತದೆ. ನಿನ್ನ ಹತ್ತಿರ ಆ ಜಾಗವೇ ಇಲ್ಲ, ಅದಕ್ಕೇ ಮೊದಲ ಎರರ್. ‘ವರ್ಷನ್’ ಸಾಲಿನಲ್ಲಿ ಎಷ್ಟಿದೆ ಹೇಳು. ಬೇಕಾದ ಲೈಬ್ರರಿಗಳ ಪಟ್ಟಿ ಇರುವ ‘ರಿಕ್ವೈರ್‌ಮೆಂಟ್ಸ್’ ಫೈಲಿನಲ್ಲಿ ನಂಪೈ ಎಷ್ಟು ಅಂತಲೂ ನೋಡು.

ಪ್ರಶ್ನೆ: ವರ್ಷನ್ 3.11.4. ನಂಪೈ 1.23.5. ಹಾಗಾದರೆ 3.13 ತೆಗೆಯಬೇಕಾ ಸರ್?

ಉತ್ತರ: ತೆಗೆಯಬೇಡ, ಎರಡೂ ಒಟ್ಟಿಗೆ ಇರಬಹುದು. 2023ರಲ್ಲಿ ಬಂದ ಪೈಥಾನ್ 3.12ರಿಂದ ಲೈಬ್ರರಿ ಕಟ್ಟಲು ಬಳಸುತ್ತಿದ್ದ ಡಿಸ್ಟ್‌ಯುಟಿಲ್ಸ್ ಅನ್ನೇ ತೆಗೆದುಹಾಕಿದ್ದಾರೆ. ನಂಪೈ 1.23ಕ್ಕೆ 3.11ರವರೆಗೆ ಮಾತ್ರ ಸಿದ್ಧ ಫೈಲ್ ಸಿಗುತ್ತದೆ. 3.13ಕ್ಕೆ ಸಿಗದಿದ್ದಾಗ ಲೈಬ್ರರಿ ಇಳಿಸಿ ಹಾಕುವ ಪಿಪ್ ಅದನ್ನು ನಿನ್ನ ಕಂಪ್ಯೂಟರಿನಲ್ಲೇ ಕಟ್ಟಲು ಹೊರಡುತ್ತದೆ, ಅಲ್ಲಿ ಮುಗ್ಗರಿಸುತ್ತದೆ.

ಪೈಥಾನ್‌ನ ಅಧಿಕೃತ ತಾಣದಿಂದ 3.11.9 ಇಳಿಸಿಕೋ. 3.11ರಲ್ಲಿ ವಿಂಡೋಸ್ ಇನ್‌ಸ್ಟಾಲರ್ ಇರುವ ಕೊನೆಯದು ಅದೇ. ಆಮೇಲಿನವು ಬರೀ ಸೋರ್ಸ್ ಕೋಡ್, ಸುಮ್ನೆ ಹುಡುಕಬೇಡ. ಈಗ ಹಳೇ ವೆನ್ವ್ ಅಳಿಸು. ಪ್ರಾಜೆಕ್ಟ್ ಫೋಲ್ಡರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪೈ -3.11 -ಎಂ ವೆನ್ವ್ ವೆನ್ವ್’ ಅಂತ ಹೊಡಿ. ಆಕ್ಟಿವೇಟ್ ಮಾಡಿದ ಮೇಲೆ ವರ್ಷನ್ ಒಮ್ಮೆ ಕೇಳಿ ನೋಡು. 3.11 ಅಂದರೆ ಮಾತ್ರ ರಿಕ್ವೈರ್‌ಮೆಂಟ್ಸ್ ಹಾಕು. ಪವರ್‌ಶೆಲ್‌ನಲ್ಲಿ ‘ರನ್ನಿಂಗ್ ಸ್ಕ್ರಿಪ್ಟ್ಸ್ ಈಸ್ ಡಿಸೇಬಲ್ಡ್’ ಅಂತ ಕೆಂಪಗೆ ಬರಬಹುದು, ಅದಕ್ಕೇ ಕಮಾಂಡ್ ಪ್ರಾಂಪ್ಟ್ ಅಂದೆ. ವಿಎಸ್ ಕೋಡ್‌ನಲ್ಲಿ ‘ಸೆಲೆಕ್ಟ್ ಇಂಟರ್‌ಪ್ರಿಟರ್’ಗೆ ಹೋಗಿ ಇದೇ ವೆನ್ವ್ ಆರಿಸುವುದನ್ನು ಮರೀಬೇಡ.

ಪ್ರಶ್ನೆ: ಮನೆ ಸಿದ್ದಾಪುರದ ಕಡೆ ಸರ್. ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಡೌನ್‌ಲೋಡ್ ಅರ್ಧಕ್ಕೇ ನಿಲ್ಲುತ್ತದೆ.

ಉತ್ತರ: ಹಾಗಾದರೆ ಲ್ಯಾಬ್‌ನಲ್ಲೇ ‘ಪಿಪ್ ಡೌನ್‌ಲೋಡ್’ ಮಾಡು. ಅಲ್ಲಿಯದೂ 3.11, ಅಲ್ಲಿಯೂ ವಿಂಡೋಸ್ ಆದರೆ ಆ ಫೈಲುಗಳು ನಿನಗೂ ಆಗುತ್ತವೆ. ಪೆನ್‌ಡ್ರೈವ್‌ನಲ್ಲಿ ಅವನ್ನು ತಾ, ವೆನ್ವ್ ಬೇಡ. ಮನೆಯಲ್ಲಿ ಪಿಪ್ ಇನ್‌ಸ್ಟಾಲ್‌ಗೆ ‘ನೋ-ಇಂಡೆಕ್ಸ್’, ‘ಫೈಂಡ್-ಲಿಂಕ್ಸ್’ ಎರಡನ್ನೂ ಸೇರಿಸಿ ಆ ಫೋಲ್ಡರ್ ತೋರಿಸಿದರೆ ನೆಟ್ ಬೇಕಿಲ್ಲ.

ಇನ್ನೊಬ್ಬರು: ನಾನು ಕಾರವಾರದಿಂದ. ಪೈಥಾನ್ ಹಾಕಿದ್ದೇನೆ, ಆದರೂ ‘ಪೈಥಾನ್’ ಅಂತ ಹೊಡೆದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆಯುತ್ತದಲ್ಲ?

ಉತ್ತರ: ಸ್ಟಾರ್ಟ್‌ನಲ್ಲಿ ‘ಆ್ಯಪ್ ಎಕ್ಸಿಕ್ಯೂಷನ್ ಅಲಿಯಾಸಸ್’ ಹುಡುಕಿ, ಪೈಥಾನ್ ಹೆಸರಿನ ಎರಡೂ ಸ್ವಿಚ್ ಆಫ್ ಮಾಡಿ. ಆಮೇಲೂ ಸಿಗದಿದ್ದರೆ ಇನ್‌ಸ್ಟಾಲರ್ ಮತ್ತೆ ಓಡಿಸಿ, ‘ಮಾಡಿಫೈ’ಗೆ ಹೋಗಿ ಪಾತ್‌ಗೆ (ವಿಂಡೋಸ್ ಪ್ರೋಗ್ರಾಂ ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸುವ ಟಿಕ್ ಹಾಕಿ.