ಪಾಮ್ ಸ್ಪ್ರಿಂಗ್ಸ್‌ನಲ್ಲಿ ತಾರೆಯರ ಮನೆ ನೋಡೋದು ದುಡ್ಡು ದಂಡವೇ?

ಮರಳುಗಾಳಿ: ಫೆಬ್ರವರಿಯಲ್ಲಿ ನಡೆಯೋ ಆಧುನಿಕ ಶೈಲಿ ಕಟ್ಟಡಗಳ ಹಬ್ಬ ಮಾಡರ್ನಿಸಂ ವೀಕ್‌ಗೆ ಹೊರಟಿರೋ ಕ್ಯಾಲಿಫೋರ್ನಿಯಾ ಗೆಳೆಯರೇ, ಮನೆ ತೋರಿಸೋ ಟಿಕೆಟ್‌ಗೆ ದುಡ್ಡು ಸುರೀಬೇಡಿ. ಜನ ಮುಗಿಬೀಳೋದು ಗಾಯಕ ಸಿನಾಟ್ರಾ ಮಲಗಿದ ಕೋಣೆ, ರಾಕ್ ಗಾಯಕ ಎಲ್ವಿಸ್ ಮನೆ ಅಂತ. ಕಟ್ಟಡ ಯಾರಿಗೂ ಬೇಕಿಲ್ಲ.

ತೊಲೆಕಂಬ: "ಯಾರಿಗೂ ಬೇಕಿಲ್ಲ" ಅನ್ನೋಕೆ ನೀವ್ಯಾರು ಸ್ವಾಮಿ? ಸಿನಾಟ್ರಾ ಕೇಳಿದ್ದು ಹಳೇ ಇಂಗ್ಲಿಷ್ ಮಾದರಿಯ ಜಾರ್ಜಿಯನ್ ಶೈಲಿ ಬಂಗಲೆ. ವಾಸ್ತುಶಿಲ್ಪಿ ಇ. ಸ್ಟೀವರ್ಟ್ ವಿಲಿಯಮ್ಸ್ ಅದರ ಜೊತೆಗೆ ಆಧುನಿಕ ಶೈಲಿಯ ಚಿತ್ರವನ್ನೂ ಬರೆದು ತೋರಿಸಿ ಒಪ್ಪಿಸಿದರು. ಹಾಗೆ 1947ರಲ್ಲಿ ಎದ್ದದ್ದು ಟ್ವಿನ್ ಪಾಮ್ಸ್ ಅನ್ನೋ ಮನೆ. ಗಾಜು ಸರಿಸಿದರೆ ಹಾಲ್ ನೇರ ಈಜುಕೊಳದ ಅಂಗಳಕ್ಕೆ ತೆರೆದುಕೊಳ್ಳುತ್ತೆ. ಫೋಟೋದಲ್ಲಿ ಇದು ಸಿಗಲ್ಲ, ಒಳಗೆ ಹೋಗಿ ನಿಲ್ಲಬೇಕು.

ಹಳೇರೇಡಿಯೋ: "ಎಲ್ವಿಸ್ ಮನೆ" ಅಂದ್ರಲ್ಲ, ಅದು ಎಲ್ವಿಸ್‌ದೇ ಅಲ್ಲ. ಬಿಲ್ಡರ್ ರಾಬರ್ಟ್ ಅಲೆಕ್ಸಾಂಡರ್ ತನ್ನ ಸಂಸಾರಕ್ಕೆ ಕಟ್ಟಿಸಿಕೊಂಡದ್ದು. 1965ರ ವಿಮಾನ ಅಪಘಾತದಲ್ಲಿ ಗಂಡ ಹೆಂಡತಿ ಇಬ್ಬರೂ ತೀರಿಕೊಂಡರು. ಎಲ್ವಿಸ್ ಮರುವರ್ಷ ಬಾಡಿಗೆಗೆ ಹಿಡಿದ, ಅಷ್ಟೇ.

ಮರಳುಗಾಳಿ: ಬಾಡಿಗೆ ಆದ್ರೇನು? 1967ರ ಮೇ ತಿಂಗಳಲ್ಲಿ ಲಾಸ್ ವೇಗಸ್‌ನಲ್ಲಿ ತಾಳಿ ಅಲ್ಲದಿದ್ರೂ ಉಂಗುರ ತೊಡಿಸಿ, ಪ್ರಿಸಿಲ್ಲಾನ ಕರ್ಕೊಂಡು ಬಂದದ್ದು ಅದೇ ಮನೆಗೆ. ಊರೆಲ್ಲ ಹನಿಮೂನ್ ಮನೆ ಅಂತಲೇ ಕರೆಯುತ್ತೆ.

ಹಳೇರೇಡಿಯೋ: ಊರು ಕರೆದ ಮಾತ್ರಕ್ಕೆ ಮನೆಪತ್ರದಲ್ಲಿ ಹೆಸರು ಬರುತ್ತಾ? ಶೀರ್ಷಿಕೆ ಹಾಕೋ ಮುಂಚೆ ಒಡೆಯ ಯಾರು, ಬಾಡಿಗೆದಾರ ಯಾರು ಅಂತ ನೋಡ್ಕೊಳ್ಳಿ.

ತೊಲೆಕಂಬ: ಒಡೆಯನ ಜಗಳದಲ್ಲಿ ವಿನ್ಯಾಸಕಾರ ವಿಲಿಯಂ ಕ್ರಿಸೆಲ್‌ನ ಇಬ್ಬರೂ ಮರೆತಿರಿ. ಲುಕ್ ಪತ್ರಿಕೆ 1962ರಲ್ಲೇ ಇದನ್ನ ನಾಳೆಯ ಮನೆ ಅಂತ ಮೆರೆಸಿತ್ತು. ಎಲ್ವಿಸ್ ಕಾಲಿಡೋಕೆ ಮೊದಲೇ!

ಮರಳುಗಾಳಿ: ಕ್ರಿಸೆಲ್ ಹೆಸರು ಹೇಳಿ ಬಸ್ ತುಂಬಿಸಿ ನೋಡೋಣ.

ಬೇರುಮೂಲ: ಆ ಊರಿನ ಸೆಕ್ಷನ್ 14 ಅನ್ನೋ ಬಡಾವಣೆ ಬಗ್ಗೆ ಒಬ್ಬರೂ ಬಾಯಿ ಬಿಡಲ್ಲ. ಅದು ಅಗುವಾ ಕಾಲಿಯೆಂಟೆ ಮೂಲನಿವಾಸಿಗಳ ನೆಲ. ಅಲ್ಲಿದ್ದ ಕಪ್ಪು, ಮೆಕ್ಸಿಕನ್ ಕೂಲಿ ಕುಟುಂಬಗಳನ್ನ ಒಕ್ಕಲೆಬ್ಬಿಸಿ ಮನೆಗಳನ್ನ ಕೆಡವಿ ಸುಟ್ಟರು. ನಗರಸಭೆ ಕ್ಷಮೆ ಕೇಳಿದ್ದು 2021ರಲ್ಲಿ, 59 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿದ್ದು 2024ರಲ್ಲಿ. ಗಾಜಿನ ಮನೆ ಕಟ್ಟಿದ, ಗುಡಿಸಿದ ಕೈಗಳು ಎಲ್ಲಿ ಮಲಗುತ್ತಿದ್ದವು ಅಂತ ಯಾವ ಗೈಡ್‌ನಾದ್ರೂ ಕೇಳಿದ್ದೀರಾ?

ತೊಲೆಕಂಬ: "ಸುಟ್ಟರು" ಅಂತ ನಮ್ಮ ಮೇಲೆ ಯಾಕೆ ಕೂಗಾಡ್ತೀರಿ? ಸುಟ್ಟದ್ದು ನಗರಸಭೆ, ವಾಸ್ತುಶಿಲ್ಪಿಗಳಲ್ಲ. ನಾನು ಕಟ್ಟಡ ಉಳಿಸೋ ಮಾತಾಡ್ತಿದ್ದೇನೆ. ಪಕ್ಕದ ರಾಂಚೋ ಮಿರಾಜ್‌ನಲ್ಲಿ ರಿಚರ್ಡ್ ನ್ಯೂಟ್ರಾ ಕಟ್ಟಿದ ಮ್ಯಾಸ್ಲನ್ ಮನೆಯನ್ನ 2002ರಲ್ಲಿ ಕೊಂಡವರೇ ನೆಲಸಮ ಮಾಡಿದರು. ನೋಡೋಕೆ ಜನ ಬರ್ತಿದ್ರೆ ಅಷ್ಟು ಸುಲಭಕ್ಕೆ ಬೀಳ್ತಿರಲಿಲ್ಲ.

ಬೇರುಮೂಲ: ಶ್ರೀಮಂತರ ಒಂದು ಮನೆ ಬಿದ್ದದ್ದಕ್ಕೆ ಇಷ್ಟು ಸಂಕಟ. ಕೇರಿಗೆ ಕೇರಿಯೇ ಹೋದದ್ದು ನಿಮಗೆ "ಕೂಗಾಟ"!

ಹಳೇರೇಡಿಯೋ: ಬಾಡಿಗೆ ಪ್ರಶ್ನೆಗೆ ಮರಳುಗಾಳಿಯವರು ಉತ್ತರ ಕೊಟ್ಟಿಲ್ಲ.

ಮರಳುಗಾಳಿ: ಕೊಡ್ತೀನಿ. ಎಲ್ವಿಸ್ ಅದೇ ಊರಿನ ಚೀನೋ ಕ್ಯಾನಿಯನ್ ರಸ್ತೆಯಲ್ಲಿ ಆಮೇಲೆ ಸ್ವಂತ ಮನೆ ಕೊಂಡ. ಈಗ ಹೇಳಿ, ಊರಲ್ಲಿ ಎಲ್ವಿಸ್ ಮನೆ ಇತ್ತೋ ಇಲ್ಲವೋ?

ಹಳೇರೇಡಿಯೋ: ಅದು ಬೇರೆ ಮನೆ. ನೀವು ಮೊದಲು ಹೇಳಿದ್ದು ಯಾವುದು ಅಂತ ಮೇಲೆ ಹೋಗಿ ಓದಿ.