ಸಹಿ ಹಾಕಿದ್ದೇನೆ, ಕೊಯಮತ್ತೂರು ಕೋರ್ಟಿಗೇ ಹೋಗಬೇಕಾ?

ಹಾಳೆತಟ್ಟೆ, ತೀರ್ಥಹಳ್ಳಿ:
ಹೋದ ವರ್ಷ ಅಡಿಕೆ ಹಾಳೆ ತಟ್ಟೆ ಮಾಡುವ ಮೆಷಿನ್ ತರಿಸಿದೆ, 3.40 ಲಕ್ಷ ಕೊಟ್ಟು. ಮೂರನೇ ವಾರಕ್ಕೇ ಅಚ್ಚು ಒಂದು ಕಡೆ ಮಾತ್ರ ಕಾಯಲು ಶುರುವಾಯಿತು. ತಟ್ಟೆಯ ಒಂದು ಅಂಚು ಕರಕಲು, ಇನ್ನೊಂದು ಸೀಳು. ಮಾರಿದವರು ಫೋನ್ ಎತ್ತುತ್ತಿಲ್ಲ. ಕೇಸ್ ಹಾಕೋಣ ಎಂದು ಆರ್ಡರ್ ಫಾರಂ ತೆಗೆದರೆ, ಹಿಂದುಗಡೆ ಸಣ್ಣ ಅಕ್ಷರದಲ್ಲಿ ‘ಯಾವುದೇ ತಕರಾರು ಕೊಯಮತ್ತೂರು ಕೋರ್ಟಿನಲ್ಲಿ ಮಾತ್ರ’ ಎಂದಿದೆ. ಕೆಳಗೆ ನನ್ನದೇ ಸಹಿ. ಇದು ನಿಲ್ಲುತ್ತಾ ಸಾರ್?

ಹಳೇ ವಕೀಲ, ಶಿವಮೊಗ್ಗ:
ಸಿವಿಲ್ ದಾವೆಯಾದರೆ ನಿಲ್ಲುತ್ತೆ. ವ್ಯವಹಾರ ಎರಡು ಊರಿಗೆ ಸೇರಿದ್ದರೆ, ಅದರಲ್ಲಿ ಒಂದು ಊರಿನ ಕೋರ್ಟೇ ಸಾಕು ಎಂದು ಇಬ್ಬರೂ ಒಪ್ಪಿಕೊಳ್ಳಬಹುದು. ಸುಪ್ರೀಂ ಕೋರ್ಟ್ 1971ರ ಹಕಂ ಸಿಂಗ್ ಕೇಸಿನಲ್ಲೇ ಇದನ್ನು ಹೇಳಿದೆ. ಸಂಬಂಧವೇ ಇಲ್ಲದ ಊರನ್ನು ಬರೆದಿದ್ದರೆ ಆ ಮಾತು ಬೇರೆ. ನಿಮ್ಮ ಆರ್ಡರ್ ಒಪ್ಪಿದ್ದು, ಹಣ ಸೇರಿದ್ದು ಕೊಯಮತ್ತೂರಿನಲ್ಲೇ ಅಲ್ವಾ?

ಆದರೆ ಒಂದು ಕೇಳಬೇಕು. ಮೆಷಿನ್ ನಡೆಸುವವರು ಯಾರು?

ಮೋಟಾರು ಅಂಗಡಿ, ಹುಬ್ಬಳ್ಳಿ:
ನನ್ನ ಬಿಲ್ಲಿನಲ್ಲಿ ‘ಮಾತ್ರ’ ಅನ್ನುವ ಪದ ಇರಲಿಲ್ಲ. ಆ ಧೈರ್ಯದ ಮೇಲೆ ಇಲ್ಲೇ ದಾವೆ ಹಾಕಿದೆ. ಹದಿನಾಲ್ಕು ತಿಂಗಳ ಮೇಲೆ, ಬಿಲ್ಲಿನಲ್ಲಿರುವ ಊರಿಗೇ ಹೋಗಿ ಎಂದು ದಾವೆ ವಾಪಸ್ ಕೊಟ್ಟರು.

ಹಳೇ ವಕೀಲ, ಶಿವಮೊಗ್ಗ:
ಹೌದು, 2013ರ ಸ್ವಸ್ತಿಕ್ ಗ್ಯಾಸಸ್ ತೀರ್ಪಿನ ಮೇಲೆ ಆ ವಾದ ಬಹಳ ಕಷ್ಟ. ‘ಮಾತ್ರ’ ಇಲ್ಲದಿದ್ದರೂ, ಊರಿನ ಹೆಸರು ಬರೆದ ಉದ್ದೇಶವೇ ಉಳಿದ ಕೋರ್ಟುಗಳನ್ನು ಬಿಡುವುದು ಎಂದು ನೋಡುತ್ತಾರೆ.

ಹಾಳೆತಟ್ಟೆ, ತೀರ್ಥಹಳ್ಳಿ:
ನಾನು, ಮನೆಯವಳು, ಸಹಾಯಕ್ಕೆ ಒಬ್ಬ ಹುಡುಗ. ನಮ್ಮ ಊಟ ನಡೆಯುವುದೇ ಇದರಿಂದ.

ಹಳೇ ವಕೀಲ, ಶಿವಮೊಗ್ಗ:
ಹಾಗಾದರೆ ಸಿವಿಲ್ ಕೋರ್ಟಿನ ಯೋಚನೆ ಬಿಡಿ. ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡಲು ಮೆಷಿನ್ ಕೊಂಡವರೂ ಗ್ರಾಹಕರೇ. ಒಬ್ಬಿಬ್ಬರು ಸಹಾಯಕರಿದ್ದರೆ ಆ ಹಕ್ಕು ಹೋಗಲ್ಲ, 1995ರ ಲಕ್ಷ್ಮೀ ಎಂಜಿನಿಯರಿಂಗ್ ತೀರ್ಪಿನಲ್ಲಿ ಈ ಮಾತು ಇದೆ. 2019ರ ಗ್ರಾಹಕ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ಶಿವಮೊಗ್ಗದ ಗ್ರಾಹಕ ಆಯೋಗದಲ್ಲೇ. ಐದು ಲಕ್ಷದವರೆಗೆ ಶುಲ್ಕವಿಲ್ಲ. ಫಾರಂ ತೋರಿಸಿ ಅವರು ತಕರಾರು ಎತ್ತಬಹುದು, ಹೆದರಬೇಡಿ. ಈ ಹಕ್ಕು ಕೊಟ್ಟಿರುವುದು ಕಾಯ್ದೆ, ಅವರ ಫಾರಂ ಅಲ್ಲ. ತೊಂದರೆ ಶುರುವಾದ ದಿನದಿಂದ ಎರಡು ವರ್ಷದೊಳಗೆ ದೂರು ಹಾಕಲೇಬೇಕು, ಜಾಸ್ತಿ ಕಾಯಬೇಡಿ. ಮೊದಲು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ.

ಹಾಳೆತಟ್ಟೆ, ತೀರ್ಥಹಳ್ಳಿ:
ಸೀಳಿದ ತಟ್ಟೆ ಎರಡು ಚೀಲ ಅಟ್ಟದ ಮೇಲಿದೆ ಸಾರ್. ಒಲೆಗೆ ಹಾಕಬೇಕು ಅಂತಿದ್ದೆವು.

ಹಳೇ ವಕೀಲ, ಶಿವಮೊಗ್ಗ:
ಒಂದನ್ನೂ ಸುಡಬೇಡಿ ಮಾರಾಯ್ರೆ!