ಕ್ಯಾಮೆಲ್ ರೂಟ್‌ನಲ್ಲಿ ಜೋಲ್ಟ್ ಹಾಕಿದರೆ ಬಾಡಿ ಖಾಲಿ ಬರುತ್ತಿದೆ, ಯಾಕೆ?

ಪ್ರಶ್ನೆ (ಶಿವಮೊಗ್ಗ):
ನಮಸ್ತೆ ಮೇಡಂ. ಅಡಿಕೆ ಧಾರಣೆ ತೋರಿಸುವ ಒಂದು ಆ್ಯಪ್ ಮಾಡುತ್ತಿದ್ದೇವೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಮಾರುಕಟ್ಟೆಗಳ ಡೇಟಾ ಜೇಸನ್‌ನಲ್ಲೇ (ಹೆಸರು-ಮೌಲ್ಯ ಜೋಡಿಗಳಾಗಿ ಬರೆದ ಪಠ್ಯ; ಆ ಹೆಸರೇ ‘ಕೀ’) ಬರುತ್ತದೆ. ಆದರೆ ಒಂದರಲ್ಲಿ ‘ಗ್ರೇಡ್’ ಅಂತಿದ್ದರೆ ಇನ್ನೊಂದರಲ್ಲಿ ‘ವೆರೈಟಿ’. ಎಲ್ಲವನ್ನೂ ಒಂದೇ ಆಕಾರಕ್ಕೆ ತರೋಣ ಅಂತ ಅಪಾಚೆ ಕ್ಯಾಮೆಲ್‌ನ (ಸಿಸ್ಟಂಗಳ ನಡುವೆ ಮೆಸೇಜ್ ಸಾಗಿಸುವ ಜಾವಾ ಟೂಲ್) ಜೋಲ್ಟ್ ಕಾಂಪೊನೆಂಟ್ ಹಾಕಿದೆ. ಜೇಸನ್‌ನ ಆಕಾರ ಬದಲಿಸುವುದು ಅದರ ಕೆಲಸ, ಹೇಗೆ ಬದಲಿಸಬೇಕು ಅಂತ ಹೇಳುವುದು ಸ್ಪೆಕ್. ಇದೇ ಸ್ಪೆಕ್ ಆನ್‌ಲೈನ್ ಡೆಮೊದಲ್ಲಿ ಚೆನ್ನಾಗಿ ಓಡುತ್ತದೆ. ರೂಟ್‌ನಲ್ಲಿ (ಮೆಸೇಜ್ ಸಾಗುವ ದಾರಿ) ಹಾಕಿದರೆ ಬಾಡಿ, ಅಂದರೆ ಮೆಸೇಜ್‌ನ ಒಳಗಿನ ಡೇಟಾ, ಖಾಲಿ; ಎರರ್ ಕೂಡ ಇಲ್ಲ. ಸ್ಪೆಕ್ ತಪ್ಪಾ?

ಉತ್ತರ:
ಡೆಮೊದಲ್ಲಿ ಓಡಿದೆ ಅಂದರೆ ಸ್ಪೆಕ್ ಸರಿಯಿದೆ. ಎಂಡ್‌ಪಾಯಿಂಟ್‌ನಲ್ಲಿ (ರೂಟ್‌ನಲ್ಲಿ ಜೋಲ್ಟ್ ಅನ್ನು ಕರೆಯುವ ವಿಳಾಸ) ಇನ್‌ಪುಟ್‌ಟೈಪ್ ಏನು ಕೊಟ್ಟಿದ್ದೀರಿ? ಏನೂ ಕೊಟ್ಟಿಲ್ಲ ಅಲ್ವಾ? ಕೊಡದಿದ್ದರೆ ಅದು ‘ಹೈಡ್ರೇಟೆಡ್’. ಅಂದರೆ ಬಾಡಿಯಲ್ಲಿ ಈಗಾಗಲೇ ಜಾವಾದ ಮ್ಯಾಪ್ ಅಥವಾ ಲಿಸ್ಟ್ ಇದೆ ಅಂತ ಜೋಲ್ಟ್ ನಂಬಿಕೊಂಡು ಹೋಗುತ್ತದೆ. ನಿಮ್ಮ ಬಾಡಿಯಲ್ಲಿ ಇರುವುದು ಬರೀ ಅಕ್ಷರಗಳ ಸಾಲು. ಸ್ಪೆಕ್‌ನಲ್ಲಿರುವ ಯಾವ ಕೀಯೂ ಅದರಲ್ಲಿ ಸಿಗುವುದಿಲ್ಲ. ಸಿಗದಿದ್ದದ್ದನ್ನು ಶಿಫ್ಟ್ (ಕೀಗಳನ್ನು ಹೊಸ ಜಾಗಕ್ಕೆ ಸಾಗಿಸುವ ಜೋಲ್ಟ್ ಆಪರೇಷನ್) ಸುಮ್ನೆ ಬಿಟ್ಟುಬಿಡುತ್ತದೆ, ದೂರು ಹೇಳುವುದಿಲ್ಲ. ಅದಕ್ಕೇ ಎರರ್ ಇಲ್ಲ, ಡೇಟಾನೂ ಇಲ್ಲ.

ಇನ್‌ಪುಟ್‌ಟೈಪ್ ಮತ್ತು ಔಟ್‌ಪುಟ್‌ಟೈಪ್ ಎರಡಕ್ಕೂ ‘ಜೇಸನ್‌ಸ್ಟ್ರಿಂಗ್’ ಕೊಡಿ. ಮೊದಲನೆಯದನ್ನು ಮಾತ್ರ ಬದಲಿಸಿದರೆ ಹೊರಗೆ ಬರುವುದು ಮ್ಯಾಪ್. ಲಾಗ್‌ನಲ್ಲಿ ಕೋಲನ್ ಇರಬೇಕಾದ ಕಡೆ ‘=’ ಕಂಡರೆ ಅದೇ ಗುರುತು. ರೂಟ್ ಎಕ್ಸ್‌ಎಂಎಲ್‌ನಲ್ಲಿದ್ದರೆ ಎರಡು ಆಯ್ಕೆಗಳ ನಡುವಿನ & ಅನ್ನು ಎಸ್ಕೇಪ್ ಮಾಡುವುದು, ಅಂದರೆ & ಅಂತ ಬರೆಯುವುದು ಮರೆಯಬೇಡಿ.

ಪ್ರಶ್ನೆ:
ಡೇಟಾ ಬಂತು ಮೇಡಂ, ಥ್ಯಾಂಕ್ಸ್! ಆದರೆ ಗ್ರೇಡ್‌ಗಳೆಲ್ಲ ಒಂದು ಲಿಸ್ಟ್‌ನಲ್ಲಿ, ರೇಟ್‌ಗಳೆಲ್ಲ ಇನ್ನೊಂದು ಲಿಸ್ಟ್‌ನಲ್ಲಿ ಬಂದಿವೆ. ಪರವಾಗಿಲ್ಲ, ಆ್ಯಪ್‌ನಲ್ಲಿ ಜೋಡಿಸಿಕೊಳ್ಳಲಾ?

ಉತ್ತರ:
ಬೇಡವೇ ಬೇಡ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ನಾಲ್ಕು ಸಾಲು ಇದೆ ಅಂದುಕೊಳ್ಳಿ. ಆವತ್ತು ಬೆಟ್ಟೆ ಆವಕ ಇಲ್ಲ, ಅದರ ರೇಟ್ ಕೀಯೇ ಬಂದಿಲ್ಲ. ಆಗ ಗ್ರೇಡ್ ನಾಲ್ಕು, ರೇಟ್ ಮೂರು. ನಿಮ್ಮ ಆ್ಯಪ್ ರಾಶಿಯ ರೇಟನ್ನು ಬೆಟ್ಟೆ ಮುಂದೆ ಕೂರಿಸುತ್ತದೆ. ತೋಟದವರು ಅದನ್ನು ನೋಡಿ ಮೂಟೆ ಕಟ್ಟಿದರೆ ಬೈಗುಳ ನಿಮಗೇ.

ಶಿಫ್ಟ್‌ನಲ್ಲಿ ‘ಲಾಟ್ಸ್’ (ಸಾಲುಗಳ ಲಿಸ್ಟ್ ಇರುವ ಕೀ) ಒಳಗೆ * ಇದೆಯಲ್ಲ, ಅದು ಸಾಲಿನ ನಂಬರನ್ನು ಹಿಡಿಯುತ್ತದೆ. ನೀವು ಗುರಿಯನ್ನು ‘ಸಾಲು.ಗ್ರೇಡ್’ ಅಂತ ಬರೆದಿರುತ್ತೀರಿ. ಅದನ್ನು ‘ಸಾಲು[&1].ಗ್ರೇಡ್’ ಅಂತ ಮಾಡಿ, ರೇಟ್‌ಗೂ ಹಾಗೇ. &0 ಅಂದರೆ ಈಗ ನಿಂತಿರುವ ಕೀ, ಅಂದರೆ ‘ಗ್ರೇಡ್’. &1 ಅಂದರೆ ಅದರ ಮೇಲಿನ ಮೆಟ್ಟಿಲು, ಅಂದರೆ ಆ * ಹಿಡಿದ ನಂಬರ್. ರೇಟ್ ಇಲ್ಲದ ಸಾಲು ರೇಟ್ ಇಲ್ಲದೇ ಉಳಿಯುತ್ತದೆ, ಪಕ್ಕದವರದ್ದನ್ನು ಎಳೆದುಕೊಳ್ಳುವುದಿಲ್ಲ. ಜೋಲ್ಟ್ ಕಲಿಯುವವರು ಜಾಸ್ತಿ ಒದ್ದಾಡುವುದು ಈ ಎಣಿಕೆಯಲ್ಲೇ. ಸ್ಪೆಕ್ ಇನ್ನೂ ಒಂದು ಹಂತ ಆಳಕ್ಕೆ ಹೋದರೆ ಅದೇ ನಂಬರ್ &2 ಆಗುತ್ತದೆ.

ಇನ್ನೊಬ್ಬರು (ಸಾಗರ):
ನಡುವೆ ಬಂದೆ, ಕ್ಷಮಿಸಿ. ನಮ್ಮಲ್ಲಿ ಚಾಲಿ, ಕೆಂಪುಗೋಟು ಎಲ್ಲ ಬಂದ ದಿನ ಸರಿಯಿರುತ್ತದೆ. ಒಂದೇ ಗ್ರೇಡ್ ಬಂದ ದಿನ ಕಳಿಸುವವರು ಲಿಸ್ಟ್ ಬದಲು ಒಂಟಿ ಆಬ್ಜೆಕ್ಟ್ ಕಳಿಸುತ್ತಾರೆ. ಆವತ್ತು ಎಲ್ಲ ಕೆಡುತ್ತದೆ. ರೇಟ್ ಬೇರೆ ಕಾಮಾ ಹಾಕಿದ ಸ್ಟ್ರಿಂಗ್ ಆಗಿ ಬರುತ್ತದೆ.

ಉತ್ತರ:
ಶಿಫ್ಟ್‌ಗಿಂತ ಮೊದಲು ಒಂದು ‘ಕಾರ್ಡಿನಾಲಿಟಿ’ ಆಪರೇಷನ್ ಹಾಕಿ, ‘ಲಾಟ್ಸ್’ಗೆ ‘ಮೆನಿ’ ಕೊಡಿ. ಒಂಟಿ ಇದ್ದರೆ ಲಿಸ್ಟ್ ಆಗುತ್ತದೆ, ಲಿಸ್ಟ್ ಇದ್ದರೆ ಹಾಗೇ ಬಿಡುತ್ತದೆ. ಎರಡು ಆಪರೇಷನ್ ಆದ ಮೇಲೆ ಸ್ಪೆಕ್ ಫೈಲ್ ಚೌಕ ಬ್ರ್ಯಾಕೆಟ್‌ನಿಂದಲೇ ಶುರುವಾಗಬೇಕು. ಟ್ರಾನ್ಸ್‌ಫಾರ್ಮ್‌ಡಿಎಸ್‌ಎಲ್ (ಸ್ಪೆಕ್ ಯಾವ ಬಗೆಯದು ಅಂತ ಹೇಳುವ ಆಯ್ಕೆ) ಅನ್ನು ಮುಟ್ಟಬೇಡಿ. ಏನೂ ಕೊಡದಿದ್ದರೆ ಅದು ‘ಚೈನ್‌ಆರ್’, ಅಂದರೆ ಆಪರೇಷನ್‌ಗಳ ಸರಣಿ; ನಮಗೆ ಬೇಕಾದದ್ದೂ ಅದೇ. ‘ಶಿಫ್ಟ್‌ಆರ್’ ಕೊಟ್ಟರೆ ಬರೀ ಶಿಫ್ಟ್‌ನ ಆಬ್ಜೆಕ್ಟ್ ಮಾತ್ರ ಇರಬೇಕು, ಸರಣಿ ನಡೆಯುವುದಿಲ್ಲ.

ಕಾಮಾ ವಿಷಯ: ಜೋಲ್ಟ್‌ನಲ್ಲೂ ಮೌಲ್ಯ ತಿದ್ದುವ ಫಂಕ್ಷನ್‌ಗಳಿವೆ, ಆದರೆ ನಾನು ಅಲ್ಲಿ ಮಾಡುವುದಿಲ್ಲ. ಜೋಲ್ಟ್ ಆಕಾರ ಬದಲಿಸಲಿ. ಕಾಮಾ ತೆಗೆದು ನಂಬರ್ ಮಾಡುವುದನ್ನು ಅದಾದ ಮೇಲೆ ಬರುವ ಒಂದು ಸಣ್ಣ ಬೀನ್‌ಗೆ (ನೀವೇ ಬರೆದ ಜಾವಾ ಕ್ಲಾಸ್) ಬಿಡಿ. ಆರು ತಿಂಗಳಾದ ಮೇಲೆ ಓದಿದರೂ ಅರ್ಥವಾಗುತ್ತದೆ.

ಪ್ರಶ್ನೆ (ಶಿವಮೊಗ್ಗ):
ಕೊನೆಯದು ಮೇಡಂ. ಮೂರು ಮಾರುಕಟ್ಟೆಗೆ ಮೂರು ಸ್ಪೆಕ್ ಫೈಲ್ ಇದೆ. ಹೆಡರ್‌ನಲ್ಲಿ (ಬಾಡಿ ಜೊತೆ ಮೆಸೇಜ್ ಹೊತ್ತು ತರುವ ಮಾಹಿತಿ) ಸ್ಪೆಕ್ ಹೆಸರು ಕಳಿಸಬಹುದು ಅಂತ ಓದಿದೆ. ಹಾಕಿ ನೋಡಿದರೆ ಕೆಲಸ ಮಾಡುತ್ತಿಲ್ಲ.

ಉತ್ತರ:
‘ಅಲೌ ಟೆಂಪ್ಲೇಟ್ ಫ್ರಮ್ ಹೆಡರ್’ ಅನ್ನುವ ಆಯ್ಕೆ ಆನ್ ಮಾಡಿದರೆ ಮಾತ್ರ ಆ ಹೆಡರ್ ಲೆಕ್ಕಕ್ಕೆ ಬರುತ್ತದೆ. ಬೇಕಂತಲೇ ಆಫ್ ಇಟ್ಟಿದ್ದಾರೆ. ಯಾವ ಫೈಲ್ ಓದಬೇಕು ಅಂತ ಹೊರಗಿನಿಂದ ಬಂದ ಮೆಸೇಜ್ ಹೇಳುವ ಹಾಗೆ ಇರಬಾರದಲ್ಲ. ನಿಮ್ಮದು ಮೂರೇ ಮಾರುಕಟ್ಟೆ. ರೂಟ್‌ನಲ್ಲಿ ಒಂದು ‘ಚಾಯ್ಸ್’ (ಷರತ್ತು ನೋಡಿ ದಾರಿ ಆರಿಸುವುದು) ಹಾಕಿ, ಮಾರುಕಟ್ಟೆಗೊಂದರಂತೆ ಮೂರು ‘ವೆನ್’, ಮೂರು ಜೋಲ್ಟ್ ಎಂಡ್‌ಪಾಯಿಂಟ್. ಯಾವುದಕ್ಕೂ ಹೊಂದದಿದ್ದರೆ, ಅಂದರೆ ‘ಅದರ್‌ವೈಸ್’ನಲ್ಲಿ, ಮೆಸೇಜನ್ನು ಬೇರೆ ಫೋಲ್ಡರ್‌ಗೆ ಹಾಕಿ, ನಾಳೆ ಹೊಸನಗರದ್ದೂ ಬಂದರೆ ಅಲ್ಲಿ ಕಾಣುತ್ತದೆ.